ಹೊಗೆ ಕಂಡಿಲ್ಲ

ಕೊಯಮತ್ತೂರು
19 ಜನವರಿ 2025, ಭಾನುವಾರ

ಅಪ್ಪಾ,

ಮಳೆ ಹೇಗಿದೆ, ಬೆಳೆ ಹೇಗಿದೆ ಅಂತ ಶುರು ಮಾಡಿದರೆ ನೀನು ಪತ್ರ ಅಲ್ಲೇ ಇಟ್ಟು ಎಲೆಅಡಿಕೆ ಹಾಕ್ಕೊಳ್ಳೋಕೆ ಏಳ್ತೀಯ ಅಂತ ಗೊತ್ತು. ನೇರವಾಗಿ ವಿಷಯಕ್ಕೇ ಬರ್ತೀನಿ.

ಮೊನ್ನೆ ಅವ್ವ ಫೋನಿನಲ್ಲಿ, 'ಆ ತಮಿಳುನಾಡಲ್ಲಿ ನಿಂದೇನೇ ಕೆಲಸ?' ಅಂದಳು. 'ಹೊಗೆ ನೋಡೋದು' ಅಂದೆ. 'ಅಪ್ಪ ಕಾಡಲ್ಲಿ ಕೂತು ನೋಡಿದ್ದು ಸಾಲದು ಅಂತ ಮಗಳೂ ಅದನ್ನೇ ನೋಡೋದಾದ್ರೆ ಎಂ.ಎಸ್ಸಿ. ಯಾಕೆ ಓದಬೇಕಿತ್ತು?' ಅಂದು ಫೋನ್ ಇಟ್ಟೇ ಬಿಟ್ಟಳು. ನಿನಗಾದರೂ ಸರಿಯಾಗಿ ಹೇಳೋಣ ಅಂದರೆ ನಿನ್ನ ಫಾರೆಸ್ಟ್ ಕ್ಯಾಂಪಿಗೆ ಸಿಗ್ನಲ್ ಇಲ್ಲ, ವೈರ್‌ಲೆಸ್‌ನಲ್ಲಿ ಮನೆ ಮಾತಾಡಿದರೆ ಇಡೀ ರೇಂಜಿಗೆ ಕೇಳುತ್ತೆ. ಅದಕ್ಕೆ ರೇಂಜ್ ಆಫೀಸಿನ ವಿಳಾಸಕ್ಕೆ ಬರೀತಿದ್ದೀನಿ. ಶನಿವಾರದ ರೇಷನ್ ಜೀಪಿನಲ್ಲಿ ಅಕ್ಕಿ ಮೂಟೆ ಜೊತೆ ಇದೂ ನಿನ್ನ ಹತ್ತಿರ ಬರಲಿ.

ನೀನು ವಾಚ್ ಟವರ್ ಮೇಲಿಂದ ಕಾಡು ನೋಡ್ತಿದ್ದೆ. ನಮ್ಮ ಟವರ್ ಇನ್ನೂ ಸ್ವಲ್ಪ ಎತ್ತರ, ಅಷ್ಟೆ! ದಿನಾ ನಮ್ಮ ತಲೆ ಮೇಲೆ ಹಾದುಹೋಗೋ ಉಪಗ್ರಹಗಳು ತೆಗೆದ ಚಿತ್ರಗಳು ನನ್ನ ಕಂಪ್ಯೂಟರಿಗೆ ಬರುತ್ತವೆ. ಅದರಲ್ಲಿ ಮೋಡ ಯಾವುದು, ಮಂಜು ಯಾವುದು, ಹೊಗೆ ಯಾವುದು ಅಂತ ಬೇರೆ ಮಾಡಿ, ಹೊಗೆಯ ಬುಡ ಎಲ್ಲಿದೆಯೋ ಅಲ್ಲಿ ನಕ್ಷೆ ಮೇಲೆ ಕೆಂಪು ಚುಕ್ಕೆ ಇಡಬೇಕು. ತಿಂಗಳಿಗೊಮ್ಮೆ ಆ ನಕ್ಷೆ ಜಿಲ್ಲಾ ಆಫೀಸಿಗೆ ಹೋಗುತ್ತೆ. ಚುಕ್ಕೆ ಜಾಸ್ತಿ ಇದ್ದ ಕಡೆ ಅವರು ಹೋಗಿ ನೋಡಬೇಕು. ಹೋಗ್ತಾರೋ ಇಲ್ಲವೋ, ಅದು ಬೇರೆ ಮಾತು.

ಪೊಳ್ಳಾಚಿ ದಾಟಿ ಉಡುಮಲೈ ಕಡೆಗೆ ಹೋದರೆ ನಲ್ಲಾಂಪುದೂರು ಅಂತ ಒಂದು ಹಳ್ಳಿ. ಎತ್ತ ನೋಡಿದರೂ ತೆಂಗಿನ ತೋಪು. ತೋಪಿನ ಅಂಚಲ್ಲಿ ಗುಂಡಿ ತೋಡಿ, ತೆಂಗಿನ ಚಿಪ್ಪು ತುಂಬಿ ಬೆಂಕಿ ಕೊಟ್ಟು, ಮೇಲೆ ತಗಡು, ಮಣ್ಣು ಮುಚ್ಚಿ ಇದ್ದಿಲು ಮಾಡ್ತಾರೆ. ಆ ಹೊಗೆ ಕಟ್ಟಿಗೆ ಹೊಗೆ ಥರ ಅಲ್ಲಪ್ಪ, ಎಣ್ಣೆ ಎಣ್ಣೆ. ನಾಲಿಗೆಗೆ ಅಂಟುತ್ತೆ. ನನ್ನ ನಕ್ಷೆಯಲ್ಲಿ ಅತಿ ಹೆಚ್ಚು ಚುಕ್ಕೆ ಇರೋದು ಆ ಊರಿಗೇ.

ಶುಕ್ರವಾರ ಅಲ್ಲಿನ ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಮಾಡಿದೆ. ಊರವರ ಸ್ನೇಹ ಬೆಳೆಯಲಿ ಅಂತ ಆಫೀಸಿನವರೇ ಕಳಿಸಿದ್ದು. ನನ್ನ ತಮಿಳು ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕವು. ಚಿತ್ರ ತೋರಿಸಿದೆ, ಅವರ ಶಾಲೆಯ ಹಂಚಿನ ಮಾಡು ಯಾವುದು ಅಂತ ತೋರಿಸಿದೆ. ಏಳನೇ ಕ್ಲಾಸಿನ ಅಭಿನಯಾ ಅಂತ ಒಂದು ಚೂಟಿ ಹುಡುಗಿ ಎದ್ದು ನಿಂತು, 'ಮಿಸ್, ಅದು ನಮ್ಮ ಊರ ಮೇಲೆ ಎಷ್ಟು ಗಂಟೆಗೆ ಬರುತ್ತೆ?' ಅಂತ ಕೇಳಿದಳು. ಎಷ್ಟು ಖುಷಿಯಾಯಿತು ಅಂತೀಯ! ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಹಗಲು ಹತ್ತರಿಂದ ಎರಡರ ಒಳಗೆ. ಮಕ್ಕಳೆಲ್ಲ ಕಿಟಕಿಗೆ ಓಡಿಹೋಗಿ ಮೇಲೆ ಕೈಬೀಸಿದರು.

ಅಭಿನಯಾಳ ಅಮ್ಮ ಮಲ್ಲಿಗಾ ಅದೇ ಶಾಲೆಯಲ್ಲಿ ಮಕ್ಕಳಿಗೆ ಬೆಳಗಿನ ತಿಂಡಿ ಮಾಡ್ತಾರೆ. ನನಗೂ ತಟ್ಟೆ ತುಂಬ ಪೊಂಗಲ್ ಕೊಟ್ಟರು. ಗಂಡ ಇಲ್ಲ, ಅಣ್ಣ ರಂಗಸಾಮಿ ಮನೆಯಲ್ಲಿ ಇದ್ದಾರೆ. ಆ ರಂಗಸಾಮಿಯದೇ ಆರು ಗುಂಡಿ. ಅವರ ಮನೆಯ ಹೊಗೆಗೇ ಚುಕ್ಕೆ ಇಟ್ಟು ಅವರ ಕೈಯಿಂದಲೇ ಪೊಂಗಲ್ ತಿಂದು ಬಂದಿದ್ದೀನಿ, ನೋಡು ನಿನ್ನ ಮಗಳ ಧೈರ್ಯ.

ಜೀಪಿನ ಡ್ರೈವರ್ ಕೈಲಿ ಎರಡು ಸಾಲು ಬರೆದು ಕಳಿಸು.

ನಿನ್ನ
ಪ್ರಕೃತಿ


ಕಲ್ಲುಗುಡ್ಡೆ ಕ್ಯಾಂಪು
1 ಫೆಬ್ರವರಿ 2025

ಕೂಸೇ ಪ್ರಕೃತಿ,

ನಿನ್ನ ಕಾಗದ ಅಕ್ಕಿ ಜೊತೆ ಬರಲಿಲ್ಲ, ಈರುಳ್ಳಿ ಚೀಲದಲ್ಲಿ ಬಂತು. ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂದಿದ್ದು ಅದಕ್ಕೇ, ಬೇರೆ ಏನೂ ತಿಳ್ಕೋಬೇಡ.

ನಿಮ್ಮ ಅವ್ವನ ಮಾತು ಬಿಡು. ಅವಳಿಗೆ ಹೊಗೆ ಅಂದ್ರೆ ಒಲೆ ಹೊಗೆ ಒಂದೇ. ನಿನ್ನ ಕೆಲಸ ಕೇಳಿ ಇಲ್ಲಿ ಹುಡುಗರಿಗೆಲ್ಲ ಹೇಳಿದೆ. ಒಬ್ಬ ಕೇಳ್ದ, 'ಹಾಲಪ್ಪಣ್ಣ, ಆ ಉಪಗ್ರಹಕ್ಕೆ ನಿದ್ದೆ ಬರಲ್ವಾ?' ಅಂತ. ನನಗೂ ಅದೇ ಅನುಮಾನ. ಹತ್ತರಿಂದ ಎರಡಕ್ಕೆ ಮಾತ್ರ ನೋಡಿದ್ರೆ ಮಿಕ್ಕ ಹೊತ್ತಿಗೆ ಯಾರು ಕಾವಲು? ನಮಗೆ ಇಲ್ಲಿ ಟವರಲ್ಲಿ ಒಂದು ರಿಜಿಸ್ಟರ್ ಇರುತ್ತೆ. ಗಂಟೆಗೊಂದು ಸಲ ನಾಲ್ಕೂ ದಿಕ್ಕು ನೋಡಿ 'ಹೊಗೆ ಕಂಡಿಲ್ಲ' ಅಂತ ಬರೆದು ಸಹಿ ಹಾಕಬೇಕು. ಕಂಡರೆ ದಿಕ್ಕು, ದೂರ, ಬಣ್ಣ. ಬಿಳಿ ಹೊಗೆ ಆದ್ರೆ ಹಸಿ ಹುಲ್ಲು, ಕಪ್ಪಾದ್ರೆ ಲಂಟಾನ ಪೊದೆ ಹತ್ತಿಕೊಂಡಿದೆ ಅಂತ.

ನಾನು ಈಗ ಟವರ್ ಹತ್ತೋದಿಲ್ಲ. ಮಂಡಿ ನೋವು ಅಂತ ಬರೆದುಕೊಟ್ಟು ಎಷ್ಟೋ ವರ್ಷ ಆಯ್ತು. ಕೆಳಗೆ ಬೆಂಕಿ ದಾಟದ ಹಾಗೆ ತರಗೆಲೆ ತೆಗೆದು ಬೆಂಕಿ ರೇಖೆ ಗುಡಿಸೋ ಕೆಲಸ ನೋಡ್ಕೋತೀನಿ.

ಹೊತ್ತಿಗೆ ಸರಿಯಾಗಿ ತಿನ್ನು. ಅವರ ಪೊಂಗಲ್ ಸರಿ, ಮನೇಲಿ ಏನು ಬೇಯಿಸ್ಕೋತೀಯ?

ನಿಮ್ಮಪ್ಪ
ಹಾಲಪ್ಪ


ಕೊಯಮತ್ತೂರು
23 ಫೆಬ್ರವರಿ 2025, ಭಾನುವಾರ

ಅಪ್ಪಾ,

ನಿನ್ನ ಕವರ್ ನಮ್ಮ ಮಧ್ವೇಶ್ ಸರ್ ಕೈಗೆ ಸಿಕ್ಕಿತ್ತು. ಅವರು ನಮ್ಮ ಮುಖ್ಯಸ್ಥರು. ನಾಲ್ಕು ತಲೆಮಾರಿನಿಂದ ಇದೇ ಊರಿನವರು, ಮನೆಯಲ್ಲಿ ಕನ್ನಡ, ಆದರೆ ಓದೋಕೆ ಬರಲ್ಲ. 'ಏನ್ ಮಾ, ನಿಮ್ಮಪ್ಪ ಅಕ್ಷರ ಬರೀತಾರಾ, ಜಾಂಗಿರಿ ಸುತ್ತುತಾರಾ?' ಅಂದರು.

ಈಗ ಸುದ್ದಿ ಕೇಳು. ನಲ್ಲಾಂಪುದೂರಿನ ಹೊಗೆ ನಿಂತುಹೋಯಿತು! ಜನವರಿ ಮೊದಲ ಹದಿನೈದು ದಿನದಲ್ಲಿ ಹನ್ನೊಂದು ದಿನ ಹೊಗೆ ಇತ್ತು. ಪಾಠ ಮಾಡಿ ಬಂದ ಮೇಲೆ ತಿಂಗಳ ಕೊನೆವರೆಗೆ ನಾಲ್ಕೇ ದಿನ. ಫೆಬ್ರವರಿಯಲ್ಲಿ ಇವತ್ತಿನವರೆಗೆ ಒಂದೇ ಒಂದು ದಿನ. ಅಕ್ಕಪಕ್ಕದ ಊರುಗಳಲ್ಲೂ ಹಾಗೇ. ಐದು ದಿನಕ್ಕೊಮ್ಮೆ ಬರೋ ಸೂಕ್ಷ್ಮ ಚಿತ್ರಗಳನ್ನೂ ತೆಗೆದು ನೋಡಿದೆ. ತೋಪು ಹಸಿರು ಹಸಿರಾಗಿದೆ, ಒಂದು ಎಳೆ ಬಿಳಿ ಇಲ್ಲ.

ಮಧ್ವೇಶ್ ಸರ್ ಅದನ್ನು ಜಿಲ್ಲಾ ಮೀಟಿಂಗಿನಲ್ಲಿ ತೋರಿಸಿದರು. ಮಕ್ಕಳಿಗೆ ತಿಳಿಹೇಳಿದ್ದರಿಂದ ಮನೆಯವರಿಗೆ ಅರಿವು ಬಂದಿದೆ ಅಂತ ಹೇಳಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಮಾರ್ಚ್ ಕೊನೆಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತಲ್ಲ, ಏಪ್ರಿಲ್‌ನಿಂದ ಕಾಯಂ ಮಾಡೋ ಆರ್ಡರ್ ಬರುತ್ತೆ ಅಂತ ಹೇಳಿದ್ದಾರೆ. ಹನ್ನೆರಡು ಊರಿಗೆ ಇದೇ ಪಾಠ ಮಾಡಿಸ್ತಾರಂತೆ.

ಹೊಗೆ ನೋಡೋ ಅಪ್ಪನ ಮಗಳು ಹೊಗೆ ನಿಲ್ಲಿಸಿಬಿಟ್ಟಳು ಅಂತ ನಿನ್ನ ಹುಡುಗರಿಗೆ ಹೇಳು. ಸ್ವಲ್ಪ ಜಂಬ ಮಾಡ್ಕೋತೀನಿ, ಬೈಬೇಡ.

ನಿನ್ನ ಜಂಬಗಾತಿ
ಪ್ರಕೃತಿ


ಕೊಯಮತ್ತೂರು
9 ಮಾರ್ಚ್ 2025, ಭಾನುವಾರ

ಅಪ್ಪಾ,

ಹೋದ ಪತ್ರದ ಜಂಬ ವಾಪಸ್ ತಗೋತೀನಿ.

ವರದಿಗೆ ಫೋಟೋ ಬೇಕು ಅಂತ ಶುಕ್ರವಾರ ನಲ್ಲಾಂಪುದೂರಿಗೆ ಹೋದೆ. ಬಿಸಿಲೇರಿದ ಮೇಲೆ ಫೋಟೋ ಚೆನ್ನಾಗಿ ಬರಲ್ಲ ಅಂತ ಹಿಂದಿನ ಸಂಜೆಯೇ ಪೊಳ್ಳಾಚಿಯಲ್ಲಿ ಉಳಿದು, ಬೆಳಗಿನ ಮೊದಲ ಬಸ್ಸು ಹಿಡಿದೆ. ಇಳಿದಾಗ ಐದೂಮುಕ್ಕಾಲು. ಮಂಜು ಅಂದುಕೊಂಡೆ. ಎರಡು ಹೆಜ್ಜೆ ಇಡೋದರೊಳಗೆ ನಾಲಿಗೆಗೆ ಎಣ್ಣೆ ಅಂಟಿತು. ರಸ್ತೆಯ ಮೇಲೆ, ತೋಪಿನೊಳಗೆ, ಮನೆಗಳ ಮಧ್ಯೆ, ಹೊಗೆ ಏಳದೆ ಮಲಗಿತ್ತು. ತಂಪು ಹೊತ್ತಿನಲ್ಲಿ ಹೊಗೆ ಮೇಲೆ ಹೋಗಲ್ಲ, ನೆಲಕ್ಕೇ ಅಂಟಿಕೊಂಡಿರುತ್ತೆ ಅಂತ ನೀನೇ ನನಗೆ ಹೇಳಿಕೊಟ್ಟಿದ್ದೆ.

ಶಾಲೆ ಅಡುಗೆಮನೆಯಲ್ಲಿ ಮಲ್ಲಿಗಾ ಪೊಂಗಲ್ ಬೇಯಿಸೋ ಕೊಳದಪ್ಪಲೆ ಹಿಡಿದು ನಿಂತು ಕೆಮ್ಮುತ್ತಿದ್ದರು. ಒಂದು ಮಾತಿಗೆ ಮೂರು ಸಲ ಉಸಿರು. ಮಕ್ಕಳ ತಿಂಡಿ ಎಂಟಕ್ಕೆ ರೆಡಿ ಆಗಬೇಕು, ಅದಕ್ಕೆ ಐದಕ್ಕೇ ಮನೆ ಬಿಡ್ತಾರೆ, ಈ ಹೊಗೆಯೊಳಗೇ ನಡೆದು ಬರ್ತಾರೆ. 'ಮೊದಲು ಹಗಲು ಸುಡ್ತಿದ್ರು ಮಾ, ಗಾಳಿಗೆ ಮೇಲೆ ಹೋಗ್ತಿತ್ತು. ಈಗ ಸಂಜೆ ಬೆಂಕಿ ಇಟ್ಟರೆ ಬೆಳಿಗ್ಗೆ ಎಂಟರವರೆಗೆ. ಏನೋ ಹೊಸ ರೂಲಂತೆ' ಅಂದರು. ಯಾರ ರೂಲು ಅಂತ ಅವರಿಗೆ ಗೊತ್ತಿರಲಿಲ್ಲ.

ಹೇಳಿದ್ದು ರಂಗಸಾಮಿ. ಗುಂಡಿ ಹತ್ತಿರ ನನ್ನನ್ನು ಕಂಡು ಓಡಿಬಂದು ಕೈಮುಗಿದರು. 'ನಿಮ್ಮ ಕ್ಲಾಸಿಂದ ದೊಡ್ಡ ಉಪಕಾರ ಆಯ್ತು ಮೇಡಂ. ನಮ್ಮ ಅಭಿನಯಾ ಬಂದು ಟೈಮ್ ಹೇಳಿದಳು. ಹತ್ತರಿಂದ ಎರಡು ನಾವು ಗುಂಡಿ ಮುಟ್ಟೋದೇ ಇಲ್ಲ. ಪಕ್ಕದ ಊರವರಿಗೂ ಹೇಳಿದ್ದೀವಿ. ಈಗ ಯಾರೂ ಬಂದು ತೊಂದರೆ ಕೊಡ್ತಿಲ್ಲ' ಅಂದರು. ಅಪ್ಪಾ, ವ್ಯಂಗ್ಯ ಅಲ್ಲ, ನಿಜವಾಗಿ ಕೃತಜ್ಞತೆ. ಹೊಗೆ ಚಿತ್ರದಲ್ಲಿ ಬೀಳಬಾರದು ಅನ್ನೋದೇ ಸರ್ಕಾರದ ಕಾಯಿದೆ ಅಂತ ಪಾಪ ಅಂದುಕೊಂಡಿದ್ದಾರೆ. ಎರಡು ಎಳನೀರು ಕೆತ್ತಿ ಕೊಟ್ಟು, ಒಂದು ಚೀಲ ತೆಂಗಿನಕಾಯಿ ಬಸ್ಸಿಗೆ ಹಾಕಿಸಿದರು.

ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯ್ತು ಅಂತ ಬರೆದೆ, ಆಮೇಲೆ ಹೊಡೆದುಹಾಕಿದೆ. ಅವರು ಕಳ್ಳರಲ್ಲ. ನಾನು ಮೂರ್ಖಳು. ರಾತ್ರಿ ಹಾದುಹೋಗೋ ಉಪಗ್ರಹಕ್ಕೆ ಹೊಗೆ ಕಾಣಲ್ಲ, ಬರೀ ಕಾವು ಕಾಣುತ್ತೆ. ಮಣ್ಣು ಮುಚ್ಚಿದ ಗುಂಡಿಯ ಕಾವು ಅದಕ್ಕೆ ಸಾಲದು. ನನ್ನ ನಕ್ಷೆ ಹಸಿರಾದ ಅಷ್ಟೂ ದಿನ ಅವರು ಹೊಗೆ ಕುಡಿದಿದ್ದಾರೆ.

ಸರ್‌ಗೆ ಹೇಳಿದರೆ ಚಪ್ಪಾಳೆ ಹೊಡೆದ ಅಷ್ಟೂ ಜನರ ಮುಂದೆ ಆಫೀಸಿನ ಮಾನ ಹೋಗುತ್ತೆ. ನನ್ನ ಏಪ್ರಿಲ್ ಆರ್ಡರ್ ಹೋಗುತ್ತೆ. ಹೇಳದಿದ್ದರೆ ಮಲ್ಲಿಗಾ ದಿನಾ ಬೆಳಿಗ್ಗೆ ಐದಕ್ಕೆ ಆ ಹೊಗೆಯಲ್ಲಿ ನಡೀತಾರೆ. ನೀನು ಹೇಳು, ಏನು ಮಾಡಲಿ? ಬೇಗ ಬರಿ.

ಪ್ರಕೃತಿ


ಕಲ್ಲುಗುಡ್ಡೆ ಕ್ಯಾಂಪು
15 ಮಾರ್ಚ್ 2025

ಪ್ರಕೃತಿ,

ಜೀಪು ನಿಂತಿದೆ, ಡ್ರೈವರ್ ಹಾರನ್ ಹೊಡೀತಾವ್ನೆ. ಚಿಕ್ಕದಾಗಿ ಬರೀತೀನಿ.

ಸುಮ್ಮನಿರು. ಬಾಯಿ ಬಿಟ್ಟರೆ ಬಣ್ಣಗೇಡು. ಆರ್ಡರ್ ಕೈಗೆ ಬರಲಿ, ಎರಡು ತಿಂಗಳು ಕಳೀಲಿ, ಆಮೇಲೆ ನಿಧಾನಕ್ಕೆ ಯಾವುದೋ ನೆಪದಲ್ಲಿ ಹೇಳಿದರಾಯ್ತು. ನೀನು ಬೇಕು ಅಂತ ಮಾಡಿದ್ದಲ್ಲ. ಸುಡೋರು ಅವರು, ನೀನಲ್ಲ. ಆ ಹೆಂಗಸಿಗೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳೋಕೆ ಹೇಳು. ದೊಡ್ಡೋರ ಮುಂದೆ ತಪ್ಪು ಒಪ್ಪಿಕೊಂಡೋರಿಗೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೀನಿ. ಕೈಲಿರೋ ಅನ್ನದ ತಟ್ಟೆ ಒದ್ಕೋಬೇಡ ಕೂಸೇ.

ಹಾಲಪ್ಪ


ಕಲ್ಲುಗುಡ್ಡೆ ಕ್ಯಾಂಪು
5 ಏಪ್ರಿಲ್ 2025

ಕೂಸೇ,

ಮೂರು ಶನಿವಾರ ಜೀಪು ಬಂತು, ನಿನ್ನ ಕಾಗದ ಬರಲಿಲ್ಲ. ಯುಗಾದಿಗೂ ನೀನು ಊರಿಗೆ ಬರಲಿಲ್ಲ ಅಂತ ನಿಮ್ಮ ಅವ್ವ ಹೇಳಿ ಕಳಿಸಿದ್ದಾಳೆ. ಆರ್ಡರ್ ಬಂತಾ? ಬಂದಿರಬೇಕು.

ಇಲ್ಲಿ ಹೋದ ವಾರ ಎರಡು ಕಡೆ ಬೆಂಕಿ ಬಿತ್ತು. ಆರಿಸಿದ್ವಿ. ನನಗೆ ಏನೂ ಆಗಿಲ್ಲ, ಹುಬ್ಬು ಸ್ವಲ್ಪ ಸುಟ್ಟಿದೆ. ಕನ್ನಡಿ ನೋಡ್ಕೊಂಡರೆ ಮೊಟ್ಟೆ ಥರ ಕಾಣ್ತೀನಿ. ನಗು ಬಂದ್ರೆ ನಕ್ಕುಬಿಡು.

ಏನಾದ್ರೂ ಬರಿ. ಬೈಯೋದಾದ್ರೂ ಬರಿ.

ನಿಮ್ಮಪ್ಪ


ಕೊಯಮತ್ತೂರು
13 ಏಪ್ರಿಲ್ 2025, ಭಾನುವಾರ

ಅಪ್ಪಾ,

ಮಲ್ಲಿಗಾ ತೀರಿಕೊಂಡರು.

ಮಾರ್ಚ್ 19ಕ್ಕೆ ನಿನ್ನ ಪತ್ರ ಸಿಕ್ಕಿತು. 20ಕ್ಕೆ ಮಧ್ವೇಶ್ ಸರ್ ಬಾಗಿಲವರೆಗೂ ಹೋಗಿ ವಾಪಸ್ ಬಂದೆ. 26ಕ್ಕೆ ಮಲ್ಲಿಗಾ ಶಾಲೆ ಅಡುಗೆಮನೆಯಲ್ಲಿ ಕುಸಿದುಬಿದ್ದರು, ಪೊಳ್ಳಾಚಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಏಪ್ರಿಲ್ 1ಕ್ಕೆ ನನ್ನ ಆರ್ಡರ್ ಬಂತು. 4ಕ್ಕೆ ಅವರು ಹೋದರು.

ಮೊದಲಿಂದಲೂ ಅವರಿಗೆ ಉಬ್ಬಸ ಇತ್ತಂತೆ. ಹೊಗೆಯಿಂದಲೇ ಸತ್ತರು ಅಂತ ಹೇಳೋಕೆ ಆಗಲ್ಲ, ಆದರೆ ಹೊಗೆ ಇಲ್ಲದಿದ್ದರೆ ಇನ್ನೂ ಇರುತ್ತಿದ್ದರು ಅಂತ ಡಾಕ್ಟರ್ ಹೇಳಿದರು. ಎರಡೂ ಒಂದೇ ತಾನೆ?

ಒದ್ದೆ ಬಟ್ಟೆ ಕಟ್ಟಿಕೊಳ್ಳೋಕೆ ಹೇಳಿದ್ದೆ ಅಪ್ಪಾ. ಆಸ್ಪತ್ರೆಯಲ್ಲಿ ನೋಡಿದಾಗ ಅವರ ಕುತ್ತಿಗೆಯಲ್ಲಿ ಅದು ಹಾಗೇ ಇತ್ತು.

ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆಯೋಕೆ ಮೂರು ಸಲ ಕೂತೆ. ಬರೆಯೋಕೆ ಆಗ್ತಿಲ್ಲ. ನನ್ನ ಮೇಲೂ ಅಷ್ಟೇ ಸಿಟ್ಟಿದೆ. ಕೇಳಿದ್ದು ನಾನು. ನೀನು ಏನು ಹೇಳ್ತೀಯೋ ಅದನ್ನೇ ಹೇಳಲಿ ಅಂತ ಒಳಗೊಳಗೇ ಆಸೆಪಟ್ಟವಳೂ ನಾನು.

ಸ್ವಲ್ಪ ದಿನ ಬರೆಯಬೇಡ.

ಪ್ರಕೃತಿ


ಕಲ್ಲುಗುಡ್ಡೆ ಕ್ಯಾಂಪು
26 ಏಪ್ರಿಲ್ 2025

ಪ್ರಕೃತಿ,

ಬರೀಬೇಡ ಅಂದೆ. ಬರೀತಿದ್ದೀನಿ. ಇದೊಂದು ಓದಿ ಆಮೇಲೆ ಒಲೆಗೆ ಹಾಕು.

ನನಗೆ ಮಂಡಿ ನೋವಿಲ್ಲ. ಯಾವತ್ತೂ ಇರಲಿಲ್ಲ.

2014ರ ಫೆಬ್ರವರಿ. ನೀನು ಹತ್ತನೇ ಕ್ಲಾಸು. ತಾಲ್ಲೂಕಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಿನಗೆ ಮೊದಲ ಬಹುಮಾನ. ರಜೆ ಕೇಳಿದೆ, ಬೆಂಕಿ ಕಾಲ, ಇಲ್ಲ ಅಂದ್ರು. ಅವತ್ತು ಟವರ್ ಪಾಳಿ ನಂದು. ಬೆಳಿಗ್ಗೆ ಹನ್ನೊಂದಕ್ಕೆ ರಿಜಿಸ್ಟರ್ ತೆಗೆದು ಹನ್ನೆರಡು, ಒಂದು, ಎರಡು, ಮೂರು, ನಾಲ್ಕು ಗಂಟೆಗೆ ಒಟ್ಟಿಗೇ 'ಹೊಗೆ ಕಂಡಿಲ್ಲ' ಅಂತ ಬರೆದು ಐದು ಸಹಿ ಹಾಕಿ ಇಳಿದುಬಿಟ್ಟೆ. ಹಾಲಿನ ಲಾರಿ ಹತ್ತಿ ಬಂದು ನಿನ್ನ ಸಮಾರಂಭದಲ್ಲಿ ಹಿಂದೆ ಕಂಬದ ಹತ್ತಿರ ನಿಂತಿದ್ದೆ. ನೀನು ಕಪ್ ಎತ್ತಿ ತೋರಿಸಿದೆಯಲ್ಲ, ಜ್ಞಾಪಕ ಇದೆಯಾ?

ಅದೇ ಹೊತ್ತಿಗೆ ಕೆಳಗೆ ಬೆಂಕಿ ರೇಖೆ ಹತ್ತಿರ ನಮ್ಮ ಕ್ಯಾಂಪಿನ ವಾಚರ್ ಕೇತಯ್ಯ ಒಬ್ಬನೇ ಇದ್ದ. ಹೊಗೆ ಕಂಡು ಟವರಿನ ಕಡೆ ಟವೆಲ್ ಬೀಸಿ ಕೂಗಿದ. ಟವರಲ್ಲಿ ಯಾರಿದ್ರು? ಸೊಪ್ಪು ಹಿಡಿದು ಒಬ್ಬನೇ ಬಡಿಯೋಕೆ ಹೋಗಿ ಎರಡೂ ಕೈ ಸುಟ್ಟುಕೊಂಡ. ಬೆರಳು ಈಗಲೂ ಮಡಿಸೋಕೆ ಆಗಲ್ಲ. ವಿಚಾರಣೆಗೆ ಸಾಹೇಬ್ರು ಬಂದು ರಿಜಿಸ್ಟರ್ ನೋಡಿದ್ರು. ನಾಲ್ಕು ಗಂಟೆವರೆಗೂ ಹೊಗೆ ಇಲ್ಲ ಅಂತ ಇದೆ, ಕೇತಯ್ಯ ಎರಡಕ್ಕೇ ಬೆಂಕಿ ಅಂತಾನೆ, ಸುಳ್ಳು ಹೇಳ್ತಿದ್ದಾನೆ, ಹಂಗಾದ್ರೆ ಬೆಂಕಿ ಇಟ್ಟವನು ಇವನೇ, ಬೀಡಿ ಎಸೆದಿದ್ದಾನೆ ಅಂತ ತೀರ್ಮಾನ ಮಾಡಿದ್ರು. ನನ್ನ ಕೇಳಿದ್ರು, 'ಟವರಲ್ಲಿ ಇದ್ಯಾ ಹಾಲಪ್ಪ?' 'ಇದ್ದೆ ಸಾರ್' ಅಂದೆ. ಕೇತಯ್ಯನ ಕೆಲಸ ಹೋಯ್ತು.

ಹನ್ನೊಂದು ವರ್ಷದಿಂದ ಯಾರಿಗೂ ಹೇಳಿಲ್ಲ, ನಿಮ್ಮ ಅವ್ವಂಗೂ ಹೇಳಿಲ್ಲ. ನಾನು ಸುಮ್ಮನಿದ್ದು ಉಳ್ಕೊಂಡೆ, ನೀನೂ ಸುಮ್ಮನಿದ್ದು ಉಳ್ಕೋ ಅಂತ ಹೇಳ್ಬಿಟ್ಟೆ. ನನ್ನ ಹೇಡಿತನಾನೇ ನಿನಗೂ ಬುದ್ಧಿ ಅಂತ ಕೊಟ್ಟೆ ಕಣವ್ವಾ. ಆ ತಾಯಿ ಸಾವಲ್ಲಿ ನಿನಗಿಂತ ನನ್ನ ಪಾಲು ದೊಡ್ಡದು.

ಹೇಳು ನಿಮ್ಮ ಸಾಹೇಬ್ರಿಗೆ. ತಡ ಆಗಿದೆ ಅಂತ ಸುಮ್ಮನಿರಬೇಡ. ಬೇಸಿಗೆ ಪಾಳಿ ಮುಗೀತಿದ್ದಂಗೇ ನಾನೂ ಕೇತಯ್ಯನ ಮನೆಗೆ ಹೋಗ್ತೀನಿ.

ಹಾಲಪ್ಪ


ಕೊಯಮತ್ತೂರು
11 ಮೇ 2025, ಭಾನುವಾರ

ಅಪ್ಪಾ,

ಒಲೆಗೆ ಹಾಕಿಲ್ಲ. ಓದಿ ಇಡೀ ದಿನ ಅತ್ತೆ. ಆ ಕಪ್ ಜ್ಞಾಪಕ ಇದೆ. ನೀನು ಕಂಬದ ಹತ್ತಿರ ನಿಂತಿದ್ದು, ಬೂಟು ತುಂಬ ಧೂಳಿದ್ದು, ಎಲ್ಲಾ ಜ್ಞಾಪಕ ಇದೆ. ನನ್ನ ಜೀವನದ ಒಳ್ಳೆ ದಿನ ಅದು. ಈಗ ಅದನ್ನು ಎಲ್ಲಿಡಲಿ ಅಂತ ಗೊತ್ತಾಗ್ತಿಲ್ಲ.

ಹಿಂದಿನ ವಾರ ಶುಕ್ರವಾರವೇ ಮಧ್ವೇಶ್ ಸರ್‌ಗೆ ಎಲ್ಲಾ ಹೇಳಿದೆ. ಬೋರ್ಡ್ ಮೇಲೆ ಟೈಮ್ ಬರೆದಿದ್ದು, ರಂಗಸಾಮಿ ಹೇಳಿದ್ದು, ಮಾರ್ಚ್‌ನಲ್ಲೇ ಗೊತ್ತಿದ್ದೂ ಸುಮ್ಮನಿದ್ದದ್ದು. ಅವರು ವರದಿ ತೆಗೆದು ಮೇಜಿನ ಮೇಲೆ ಹರಡಿದರು. ಆಮೇಲೆ, 'ಚಾರ್ಟ್ ಮೇಲಿನವರ ಕೈಗೆ ಹೋಗಿಬಿಟ್ಟಿದೆ ಮಾ. ಅಲ್ಲಿ ನನ್ನ ಹೆಸರೂ ಇದೆ. ಒಂದು ಸಲ ಬೆಳಿಗ್ಗೆ ಐದಕ್ಕೆ ಹೋಗಿ ನೋಡಬೇಕು ಅಂತ ನನಗೂ ತೋಚಲಿಲ್ಲವೇ' ಅಂದರು. ವರದಿ ವಾಪಸ್ ತಗೊಂಡಿದ್ದಾರೆ. ಗಾಳಿಯಲ್ಲಿರೋ ಹೊಗೆ ಅಳೆಯೋ, ಕೈಯಲ್ಲಿ ಹಿಡಿಯೋ ಯಂತ್ರ ಕೊಟ್ಟು ಇಬ್ಬರನ್ನು ಬೆಳಗಿನ ಹೊತ್ತು ಹಳ್ಳಿಗಳಿಗೆ ಕಳಿಸ್ತಿದ್ದಾರೆ. ತಂಗಿ ಹೋದ ದಿನದಿಂದ ರಂಗಸಾಮಿ ಗುಂಡಿಗೆ ಬೆಂಕಿ ಇಟ್ಟಿಲ್ಲವಂತೆ. ಪಕ್ಕದ ತೋಪಿನಲ್ಲಿ ಮಾತ್ರ ನಾಲ್ಕು ಗುಂಡಿ ಉರೀತಿದ್ದವು, ಈಗ ನಿಲ್ಲಿಸಿದ್ದಾರೆ. ನನ್ನ ಆರ್ಡರ್ ರದ್ದಾಯಿತು. ಜೂನ್ ಕೊನೆವರೆಗೆ ಇರಬಹುದು, ನಕ್ಷೆ ಮುಟ್ಟುವಂತಿಲ್ಲ.

ಆಫೀಸಿಗೆ ಹೇಳೋದು ಸುಲಭವಾಗಿತ್ತು ಅಪ್ಪಾ. ಆದರೆ ಅಭಿನಯಾಗೆ ಹೇಳೋದಿದೆ. ಅವಳು ಯಾರ ಹತ್ತಿರವೂ ಮಾತಾಡ್ತಿಲ್ಲ ಅಂತ ಅವಳ ಟೀಚರ್ ಕಲೈಸೆಲ್ವಿ ಹೇಳಿದರು. ಊಟಕ್ಕೆ ಕರೆದರೂ ಎದ್ದು ಬರಲ್ಲವಂತೆ. ನನಗೆ ಅವಳ ಮುಖ ನೋಡೋ ಧೈರ್ಯ ಇಲ್ಲ. ಹೋಗಿಲ್ಲ.

ಕೇತಯ್ಯನ ಮನೆಗೆ ಹೋದೆಯಾ? ಏನಂದ?

ಪ್ರಕೃತಿ


ಊರಿನಿಂದ
24 ಮೇ 2025

ಪ್ರಕೃತಿ,

ಹೋಗಿದ್ದೆ. ಬುಧವಾರ.

ಮನೆ ಮುಂದೆ ಕೂತು ಬುಟ್ಟಿ ಹೆಣೀತಿದ್ದ, ಅಂಗೈಯಿಂದ. ಬೆರಳು ಕೆಲಸ ಮಾಡಲ್ಲವಲ್ಲ. 'ಬಾ ಹಾಲಪ್ಪಣ್ಣ' ಅಂತ ಚಾಪೆ ಹಾಕಿದ. ಕೂರಲಿಲ್ಲ, ನಿಂತೇ ಎಲ್ಲಾ ಹೇಳಿದೆ. ಹೊಡೀತಾನೆ ಅಂದುಕೊಂಡಿದ್ದೆ. ಹೊಡೆದಿದ್ರೆ ವಾಸಿ ಇತ್ತು.

ಅವನು ಕೇಳಿದ್ದು ಒಂದೇ ಮಾತು. 'ಇದನ್ನ ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ? ನಾಲ್ಕು ವರ್ಷದ ಹಿಂದೆ ಬಂದಿದ್ರೆ ಕೇಳೋಕೆ ನನ್ನ ಹೆಂಡ್ತಿ ಬದುಕಿದ್ದಳು. ಸಾಯೋ ದಿನದವರೆಗೂ ಬೀಡಿ ಎಸೆದು ಕಾಡು ಸುಟ್ಟ ಗಂಡ ಅಂತಲೇ ನನ್ನ ಬೈದಳು. ಅವಳು ಬೈದೂ ಬೈದೂ ನನಗೇ ಅನುಮಾನ ಬಂದುಬಿಟ್ಟಿತ್ತು, ನಾನೇ ಎಸೆದೆನಾ ಅಂತ.' ಆಮೇಲೆ ಹಿತ್ತಲ ಕಡೆ ಕೈ ತೋರಿಸಿ, 'ಅಲ್ಲಿ ಮಣ್ಣು ಮಾಡಿದ್ದೀವಿ. ಹೋಗು, ಅವಳಿಗೆ ಹೇಳು' ಅಂದ.

ಹೋದೆ ಕೂಸೇ. ಹಿತ್ತಲಲ್ಲಿ ಕಲ್ಲಿನ ಮುಂದೆ ನಿಂತು ಹೇಳಿದೆ. ಯಾರಿಗೆ ಕೇಳುತ್ತೆ?

ರೇಂಜ್ ಆಫೀಸಿಗೂ ಬರೆದುಕೊಟ್ಟಿದ್ದೀನಿ. ವಿಚಾರಣೆ ಮುಗಿಯೋವರೆಗೆ ಕ್ಯಾಂಪಿಗೆ ಬರಬೇಡ ಅಂದಿದ್ದಾರೆ. ನಿಮ್ಮ ಅವ್ವ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಅನ್ನ ಬಡಿಸಿದಳು.

ಆ ಮಗೂನ ಹತ್ತಿರ ಹೋಗು. ಅದು ತನ್ನದೇ ತಪ್ಪು ಅಂದುಕೊಂಡು ಕೂತಿರುತ್ತೆ. ಮಕ್ಕಳು ಹಂಗೇ. ನಾನು ಮಾಡಿದ ಹಂಗೆ ತಡ ಮಾಡಬೇಡ.

ನಿಮ್ಮಪ್ಪ


ಪೊಳ್ಳಾಚಿ ಬಸ್ ಸ್ಟ್ಯಾಂಡು
6 ಜೂನ್ 2025, ಶುಕ್ರವಾರ

ಅಪ್ಪಾ,

ಬಸ್ಸಿಗೆ ಇನ್ನೂ ಹೊತ್ತಿದೆ. ಕಲ್ಲುಬೆಂಚಿನ ಮೇಲೆ ಕೂತು ಬರೀತಿದ್ದೀನಿ, ಮನೆಗೆ ಹೋಗೋವರೆಗೆ ಕಾಯೋಕೆ ಆಗ್ತಿಲ್ಲ.

ಶಾಲೆ ಸೋಮವಾರ ಶುರುವಾಗಿದೆ. ಮಧ್ಯಾಹ್ನದ ಬಿಡುವಿನಲ್ಲಿ ಕಲೈಸೆಲ್ವಿ ಟೀಚರ್ ಅಭಿನಯಾಳನ್ನು ಬೇವಿನ ಮರದ ಕೆಳಗೆ ಕರ್ಕೊಂಡು ಬಂದು ನನ್ನ ಮುಂದೆ ಕೂರಿಸಿ ಹೋದರು. ಮಗು ಅರ್ಧ ಆಗಿದ್ದಾಳೆ. ನೀನು ಹೇಳಿದ್ದು ನಿಜ. ನಾನು ಬಾಯಿ ತೆಗೆಯೋ ಮುಂಚೆ ಅವಳೇ, 'ಸಾರಿ ಮಿಸ್' ಅಂದಳು. ಯಾಕೆ ಅಂದೆ. 'ನಾನು ಟೈಮ್ ಕೇಳಿದೆ. ಕೇಳಿ ಮಾಮನಿಗೆ ಹೇಳಿದೆ. ನೀನು ಕೇಳದೇ ಇದ್ದಿದ್ರೆ ಅಮ್ಮ ಇರ್ತಿದ್ದಳು ಅಂತ ಮಾಮ ಹೇಳ್ತಾರೆ. ಕುಡಿದಾಗ ಅಲ್ಲ, ಕುಡಿಯದೇ ಇದ್ದಾಗಲೇ ಹೇಳ್ತಾರೆ' ಅಂದಳು. ಹನ್ನೆರಡು ವರ್ಷದ ಕೂಸು, ಎರಡು ತಿಂಗಳಿಂದ ಇದನ್ನ ಹೊತ್ಕೊಂಡು ಕೂತಿದೆ.

ಎಲ್ಲಾ ಹೇಳಿದೆ. ನನ್ನ ಹರುಕು ತಮಿಳಿನಲ್ಲಿ, ಏನೂ ಮುಚ್ಚಿಡದೆ. ಮಾರ್ಚ್‌ನಲ್ಲೇ ನನಗೆ ಗೊತ್ತಾಗಿತ್ತು, ಹೇಳಲಿಲ್ಲ, ಕೆಲಸ ಹೋಗುತ್ತೆ ಅಂತ ಹೆದರಿದೆ ಅಂತಲೂ ಹೇಳಿದೆ. ಅವಳು ಅಳಲಿಲ್ಲ. ನೆಲ ನೋಡ್ತಾ, 'ನಾನು ಕೇಳದೇ ಇದ್ದಿದ್ರೂ ನೀವು ಟೈಮ್ ಹೇಳ್ತಿದ್ರಾ ಮಿಸ್?' ಅಂದಳು.

ಹಿಂದಿನ ದಿನ ನಾನೂ ಅದನ್ನೇ ಯೋಚನೆ ಮಾಡಿ, ಜನವರಿಯ ಪಾಠಕ್ಕೆ ಅಂತ ಆಫೀಸಿನಲ್ಲಿ ತಮಿಳಿನಲ್ಲಿ ಟೈಪ್ ಮಾಡಿಸಿಕೊಂಡಿದ್ದ ಹಾಳೆ ಹುಡುಕಿ ಇಟ್ಟುಕೊಂಡಿದ್ದೆ. ತೆಗೆದು ಕೊಟ್ಟೆ. ಕೊನೆಯ ಸಾಲು ಅದೇ ಇತ್ತು: ಉಪಗ್ರಹ ನಿಮ್ಮ ಊರಿನ ಮೇಲೆ ಹಗಲು ಹತ್ತರಿಂದ ಎರಡರ ಒಳಗೆ ಹಾದುಹೋಗುತ್ತದೆ. 'ನೀನು ಕೇಳೋಕೆ ಒಂದು ವಾರ ಮುಂಚೆಯೇ ನಾನು ಇದನ್ನ ಬರೆದಿದ್ದೆ. ನೀನು ಬಾಯೇ ತೆಗೆಯದಿದ್ದರೂ ಹೇಳ್ತಿದ್ದೆ. ತಪ್ಪು ನಂದು' ಅಂದೆ.

ಸಾಲಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಜಾಮಿಟ್ರಿ ಬಾಕ್ಸಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟಳು. 'ತಪ್ಪು ನಂದು ಅಂತ ಇಲ್ಲಿ ಬರೆದು ಸೈನ್ ಹಾಕಿ ಮಿಸ್. ಮಾಮನಿಗೆ ತೋರಿಸ್ಬೇಕು.' ಬರೆದೆ. ಪ್ರಕೃತಿ ಅಂತ ಸೈನ್ ಹಾಕಿದೆ. ಅವಳು ನೋಡಿ ತಲೆ ಅಲ್ಲಾಡಿಸಿದಳು. 'ಇನಿಷಿಯಲ್ ಇಲ್ಲ. ಇನಿಷಿಯಲ್ ಇಲ್ಲದಿದ್ರೆ ಮಾಮ ನಂಬಲ್ಲ.'

ಇಲ್ಲಿ ಹಾಗೇ ಅಪ್ಪಾ, ಹೆಸರಿನ ಮುಂದೆ ಅಪ್ಪನ ಅಕ್ಷರ ಇಲ್ಲದಿದ್ದರೆ ಅದು ಸೈನೇ ಅಲ್ಲ. ನನ್ನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಹಾಕಿದೆ. 'ಅದು ಯಾರ ಹೆಸರು ಮಿಸ್?' ಅಂತ ಕೇಳಿದಳು. ನಮ್ಮಪ್ಪಂದು ಅಂದೆ.

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕ್ಕೊಂಡು ಹೋದಳು. ಕ್ಲಾಸಿಗಲ್ಲ. ಗೇಟು ದಾಟಿ ಮನೆ ಕಡೆಗೆ, ಓಡ್ತಾ.

ಹೆಚ್. ಪ್ರಕೃತಿ